ಫಕೀರವ್ವನ ಗಾಳಿಹಂಡೆ

ಬೀಸನಾಳದಲ್ಲಿ ಗಾಳಿ ರಾತ್ರಿಯೆಲ್ಲ ದುಡಿಯುತ್ತಿತ್ತು. ಆ ದುಡಿಮೆಯನ್ನು ಊರಿನವರು ಹಗಲು ಉಣ್ಣುತ್ತಿದ್ದರು. ಕಪ್ಪತಗುಡ್ಡದ ಮೇಲೆ ಸಾಲಾಗಿ ನಿಂತಿದ್ದ ಗಾಳಿಯಂತ್ರಗಳು ಕತ್ತಲಾದ ಮೇಲೆ ಭರದಿಂದ ತಿರುಗಿ, ಪ್ರತಿ ಮನೆಯ ಹಿತ್ತಲಲ್ಲಿ ಕಲ್ಲಿನ ಗುಂಡಿಯೊಳಗೆ ಅಡ್ಡಲಾಗಿ ಮಲಗಿಸಿದ್ದ ಉಕ್ಕಿನ ಸಿಲಿಂಡರಿಗೆ ಗಾಳಿಯನ್ನು ಒತ್ತಿ ತುಂಬುತ್ತಿದ್ದವು. ಒತ್ತಿದಾಗ ಗಾಳಿ ಬಿಸಿಯಾಗುತ್ತದೆ. ಆ ಬಿಸಿಯಿಂದ ಬಚ್ಚಲ ನೀರು ಕಾಯುತ್ತಿತ್ತು. ಹಗಲು ಅದೇ ಗಾಳಿಯನ್ನು ಸಣ್ಣ ಚಕ್ರವೊಂದರ ಮೂಲಕ ಹೊರಬಿಟ್ಟರೆ ಚಕ್ರ ತಿರುಗಿ ಕರೆಂಟು ಬರುತ್ತಿತ್ತು. ಹಿಗ್ಗಿ ತಣ್ಣಗಾದ ಗಾಳಿ ಅಡುಗೆಮನೆಯ ಗೂಡಿನಲ್ಲಿ ಹಾಲು, ಮೊಸರು, ಕಾಯಿಪಲ್ಲೆ ಕೆಡದಂತೆ ನೋಡಿಕೊಳ್ಳುತ್ತಿತ್ತು. ದೂರದ ಸ್ಥಾವರಗಳಿಂದ ಸಣ್ಣ ಊರುಗಳಿಗೆ ತಂತಿ ಎಳೆಯುವುದನ್ನು ನಿಲ್ಲಿಸಿದ ಕಾಲದಲ್ಲಿ ಬಂದ ವ್ಯವಸ್ಥೆ ಅದು. ಪವನ ನಿಗಮ ಅದಕ್ಕೆ ಉದ್ದನೆಯ ಹೆಸರೊಂದನ್ನು ಇಟ್ಟಿತ್ತು. ಜನ ಗಾಳಿಹಂಡೆ ಎಂದರು, ಅದರ ಮುಚ್ಚುಗಲ್ಲಿಗೆ ಅರಿಷಿಣ ಕುಂಕುಮ ಹಚ್ಚಿದರು.

ಹಂಡೆಗೆ ಜನ ಮಾಡಬೇಕಾದ ಆರೈಕೆ ಒಂದೇ. ಗಾಳಿಯ ಜೊತೆ ಒಳಗೆ ಸೇರುವ ತೇವ ತಳದಲ್ಲಿ ನೀರಾಗಿ ನಿಲ್ಲುತ್ತದೆ. ಬೆಳಿಗ್ಗೆ ತಳದ ನಲ್ಲಿ ತಿರುವಿ ಆ ನೀರನ್ನು ಹೊರಬಿಡಬೇಕು. ಬಿಡದಿದ್ದರೆ ಒಳಗೆ ತುಕ್ಕು ಹಿಡಿದು ಗೋಡೆ ತೆಳ್ಳಗಾಗುತ್ತದೆ. ಅಂಗಳಕ್ಕೆ ನೀರು ಹಾಕಿ ರಂಗೋಲಿ ಎಳೆದ ಹೆಂಗಸರು ಹಾಗೇ ಹಿತ್ತಲಿಗೆ ಹೋಗಿ ನಲ್ಲಿ ತಿರುವಿ ಬರುತ್ತಿದ್ದರು.

ಆ ಗೋಡೆ ಎಷ್ಟು ದಪ್ಪ ಇರಬೇಕೆಂದು ಲೆಕ್ಕ ಹಾಕಿದವಳು ಮುಕ್ತಾ ಕೊಣ್ಣೂರ. ಅದೇ ಊರಿನ ಮಗಳು, ನಿಗಮದ ವಿನ್ಯಾಸ ವಿಭಾಗದ ಮುಖ್ಯಸ್ಥೆ. ಹಂಡೆಗಳು ಬರುವ ಮೊದಲೇ ಶಾಲೆಯ ಬಯಲಿನಲ್ಲಿ ಅವಳಿಗೆ ಶಾಲು ಹೊದಿಸಿ ಸನ್ಮಾನ ಮಾಡಿದ್ದರು. ವೇದಿಕೆಯ ಮೇಲಿಂದ ಅವಳು ಹೆಂಗಸರನ್ನು ಕೇಳಿದ್ದಳು, "ಕಾದ ಎಣ್ಣ್ಯಾಗ ಇಡೀ ಮೆಣಸಿನಕಾಯಿ ಬಿಟ್ರ ಹೆಂಗ ಸಿಡೀತೈತಿ? ಅಡ್ಡಕ್ಕೋ, ಉದ್ದಕ್ಕೋ?" ಉದ್ದಕ್ಕ, ಎಂದು ಎಲ್ಲರೂ ಕೂಗಿದ್ದರು. ಹಂಡೆಯೂ ಹಾಗೆಯೇ ಎಂದು ಅವಳು ವಿವರಿಸಿದ್ದಳು. ಒಳಗಿನ ಒತ್ತಡ ಕೊಳವೆಯನ್ನು ಸುತ್ತಳತೆಯ ಕಡೆಗೆ ಎಷ್ಟು ಎಳೆಯುತ್ತದೋ ಉದ್ದದ ಕಡೆಗೆ ಅದರ ಅರ್ಧದಷ್ಟೇ ಎಳೆಯುತ್ತದೆ. ಅದಕ್ಕೇ ಸೀಳುವುದಾದರೆ ಉದ್ದಕ್ಕೇ ಸೀಳುತ್ತದೆ. ಆ ದೊಡ್ಡ ಎಳೆತಕ್ಕೆ ತಕ್ಕಷ್ಟು ದಪ್ಪ ಕೊಟ್ಟರೆ ಭಯವಿಲ್ಲ. "ನಾ ಕೊಟ್ಟೀನಿ," ಎಂದಿದ್ದಳು. ಜನ ಚಪ್ಪಾಳೆ ತಟ್ಟಿದ್ದರು.

ಹಂಡೆಗಳು ಬಂದ ಮೇಲಿನ ಮೂರನೆಯ ಬೇಸಿಗೆ ಇನ್ನೂ ಕಾಲಿಡುತ್ತಿತ್ತು. ಒಂದು ಮುಂಜಾನೆ ಕುರುಬರ ಓಣಿಯ ಫಕೀರವ್ವನ ಮನೆಯ ಗಾಳಿಹಂಡೆ ಸೀಳಿತು. ಸದ್ದಿಗೆ ಓಣಿಯ ಹಂಚುಗಳು ಅದುರಿದವು. ಮುಚ್ಚುಗಲ್ಲು ಹಾರಿ ಬಚ್ಚಲಿನ ಗೋಡೆ ಒಡೆಯಿತು. ಬಿಸಿನೀರು ತೋಡಿಕೊಳ್ಳುತ್ತಿದ್ದ ಫಕೀರವ್ವನ ಮಗ ಹನುಮೇಶನ ಬಲಗೈ ಆ ಗೋಡೆಯ ಅಡಿಗೆ ಸಿಕ್ಕಿತು. ಆಸ್ಪತ್ರೆಯಲ್ಲಿ ಮೊಣಕೈಯಿಂದ ಕೆಳಗೆ ತೆಗೆದುಹಾಕಿದರು. ಅವನು ಹೊಲಿಗೆಯ ಕೆಲಸದವನು. ಸುತ್ತಲಿನ ಊರಿನ ಮದುಮಕ್ಕಳ ಕುಪ್ಪಸಗಳೆಲ್ಲ ಅವನ ಕೈಯಲ್ಲೇ ಆಗುತ್ತಿದ್ದವು.

ಅಂದು ಮುಕ್ತಾ ಬಂದಾಗ ಮಗನನ್ನು ಆಗಲೇ ಗಾಡಿಯಲ್ಲಿ ಒಯ್ದಿದ್ದರು. ಫಕೀರವ್ವ ಹಿತ್ತಲಲ್ಲಿ ಧೂಳಿನ ನಡುವೆ ಕುಳಿತಿದ್ದಳು. ಸುತ್ತ ಜನ, ಕ್ಯಾಮೆರಾ ಹಿಡಿದ ಇಬ್ಬರು ಪತ್ರಕರ್ತರು.

"ಅಮ್ಮಾರ, ಮುಂಜಾನೆ ನಲ್ಲಿ ತಿರುವಿದ್ರೇನು?" ಮುಕ್ತಾ ಬಗ್ಗಿ ಕೇಳಿದಳು.

ಮುದುಕಿ ಸೆರಗಿನಿಂದ ಮುಖದ ಧೂಳು ಒರೆಸಿಕೊಂಡಳು. "ತಿರುವಿದ್ದೆ... ತಿರುವಿರಬೇಕ್ರಿ."

"ದಿನಾ ತಿರುವ್ತಿದ್ರಿ?"

"ದಿನಾ ಅಂದ್ರ..." ಅಷ್ಟಕ್ಕೇ ಅವಳ ಮಾತು ನಿಂತಿತು.

ಆ ತಡವರಿಕೆಯೇ ಉತ್ತರವೆಂದು ಮುಕ್ತಾಳಿಗೆ ಅನಿಸಿತು. ಅನಿಸಿದಾಗ ಎದೆ ಹಗುರಾಯಿತು. ಆ ಹಗುರವನ್ನು ಅವಳು ಆಮೇಲೆ ಎಷ್ಟೋ ಸಲ ನೆನೆದು ತಲೆ ತಗ್ಗಿಸಿದಳು. ಆ ಕ್ಷಣದಲ್ಲಿ ಮಾತ್ರ ಕ್ಯಾಮೆರಾದ ಕಡೆಗೆ ತಿರುಗಿ, ನೀರು ಬಿಡದಿದ್ದರೆ ಹಂಡೆಗೆ ಒಳಗಿಂದ ತುಕ್ಕು ಹಿಡಿಯುತ್ತದೆ, ವಿನ್ಯಾಸದಲ್ಲಿ ಯಾವ ದೋಷವೂ ಇಲ್ಲ, ಮನೆಯವರ ನಿರ್ಲಕ್ಷ್ಯದಿಂದ ಹೀಗಾಗಿದೆ, ಉಳಿದವರು ಎಚ್ಚರದಿಂದಿರಬೇಕು ಎಂದಳು. ಅವಳ ಮಾತು ಅಂದು ಮಧ್ಯಾಹ್ನ ಎಲ್ಲ ಮನೆಗಳ ಗೋಡೆಯ ಪರದೆಯ ಮೇಲೆ ಮತ್ತೆ ಮತ್ತೆ ಬಂತು. ಫಕೀರವ್ವನ ಮುಖವೂ ಬಂತು.

ಸೀಳಿದ ಹಂಡೆಯನ್ನು ನಿಗಮದ ಪ್ರಯೋಗಾಲಯಕ್ಕೆ ತಂದರು. ಲೋಹ ಪರೀಕ್ಷೆಯ ಡಾಕ್ಟರ್ ದಸ್ತಗೀರ ಕಿಲ್ಲೇದಾರ ಮುಕ್ತಾಳ ಜೊತೆಯಲ್ಲೇ ಕೆಲಸಕ್ಕೆ ಸೇರಿದವನು. ಅವನು ಹಂಡೆಯನ್ನು ಅಲ್ಲಲ್ಲಿ ಕತ್ತರಿಸಿ ಗೋಡೆಯ ದಪ್ಪ ಅಳೆದ. ತಳದ ಭಾಗವನ್ನು ಎರಡು ಸಲ ಅಳೆದ.

"ಒಂಬತ್ತು," ಎಂದ.

"ಎಲ್ಲಿ?"

"ಎಲ್ಲಾ ಕಡೆ ಒಂಬತ್ತ ಮಿಲಿಮೀಟರ್. ತಳದಾಗ ಕೂದಲೆಳಿಯಷ್ಟು ಕಡಿಮಿ ಇರಬಹುದು. ಸವೆದಿಲ್ಲ ಮುಕ್ತಾ."

ಮುಕ್ತಾ ಹತ್ತಿರ ಹೋಗಿ ಒಳಮೈಯನ್ನು ಬೆರಳಿನಿಂದ ಸವರಿದಳು. ತುಕ್ಕಿನ ಸಿಪ್ಪೆ ಏಳಲಿಲ್ಲ. ಬೆರಳಿಗೆ ತೆಳುವಾದ ಕಂದು ಬಣ್ಣ ಹತ್ತಿತು, ಅಷ್ಟೇ. ಒಂದು ದಿನವೂ ನೀರು ನಿಂತ ಗುರುತು ಅಲ್ಲಿ ಇರಲಿಲ್ಲ. ಸೀಳು ಮಾತ್ರ ಈ ತುದಿಯಿಂದ ಆ ತುದಿಯವರೆಗೆ ನೆಟ್ಟಗೆ, ಗೆರೆ ಹಾಕಿದಂತೆ ಓಡಿತ್ತು. ಉಕ್ಕಿನ ಹಾಳೆಯನ್ನು ಸುತ್ತಿ ಅಂಚಿಗೆ ಅಂಚು ಕೂಡಿಸಿ ಬೆಸೆದ ಜಾಗವದು. ಹಂಡೆ ಬೆಸುಗೆಯುದ್ದಕ್ಕೂ ಬಾಯಿ ಬಿಟ್ಟಿತ್ತು.

ಅವಳು ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಲೆಕ್ಕವನ್ನು ಮೊದಲಿನಿಂದ ಮಾಡಿದಳು. ಎಂಜಿನಿಯರಿಂಗಿನ ಎರಡನೆಯ ವರ್ಷದ ಮಕ್ಕಳೂ ಮಾಡುವ ಲೆಕ್ಕ. ಕೊಳವೆಯನ್ನು ಮನಸ್ಸಿನಲ್ಲೇ ಉದ್ದಕ್ಕೆ ಎರಡು ಹೋಳು ಮಾಡಬೇಕು. ಒಳಗಿನ ಗಾಳಿ ಆ ಹೋಳುಗಳನ್ನು ದೂರ ತಳ್ಳುತ್ತದೆ. ಎರಡು ಬದಿಯ ಗೋಡೆಗಳು ಹಿಡಿದು ನಿಲ್ಲಿಸುತ್ತವೆ. ಒತ್ತಡವನ್ನು ಅಡ್ಡಳತೆಯಿಂದ ಗುಣಿಸಿ, ಉಕ್ಕು ತಾಳಬಲ್ಲ ಎಳೆತದ ಎರಡರಷ್ಟರಿಂದ ಭಾಗಿಸಿದರೆ ದಪ್ಪ ಬರುತ್ತದೆ. ಎಂಟು ಮಿಲಿಮೀಟರ್. ತುಕ್ಕಿಗೆಂದು ಒಂದು ಸೇರಿಸಿ ಒಂಬತ್ತು. ಬೆಸುಗೆಯೇ ಇಲ್ಲದ, ಒಂದೇ ಎರಕದಂಥ ಕೊಳವೆಗೆ ಈ ಉತ್ತರ ಸರಿ. ಮೊದಲ ಯೋಜನೆಯಲ್ಲಿ ಇದ್ದದ್ದು ಅಂಥದೇ ಕೊಳವೆ. ಆಮೇಲೆ ಅದು ಸಿಗುವುದು ಕಷ್ಟವೆಂದು ಹಾಳೆ ಸುತ್ತಿ ಬೆಸೆದ ಹಂಡೆಗಳಿಗೆ ಒಪ್ಪಿದರು. ಬೆಸುಗೆ ಎಂದೂ ಹಾಳೆಯಷ್ಟು ಗಟ್ಟಿ ಇರುವುದಿಲ್ಲ. ಹತ್ತರಲ್ಲಿ ಏಳು ಪಾಲು ಗಟ್ಟಿ ಎಂದು ಹಿಡಿದು ದಪ್ಪವನ್ನು ಹೆಚ್ಚಿಸಬೇಕು. ಹಾಗೆ ಮಾಡಿದರೆ ಒಂಬತ್ತಲ್ಲ, ಹನ್ನೆರಡೂವರೆ ಬೇಕಿತ್ತು. ದಿನಾ ತುಂಬಿ ದಿನಾ ಖಾಲಿಯಾಗುತ್ತ, ಹಿಗ್ಗಿ ಕುಗ್ಗಿ, ಬೆಸುಗೆ ದಣಿದು ಸೋತಿತ್ತು.

ಹಂಡೆಯ ಬಗೆ ಬದಲಾದದ್ದನ್ನು ಕಾರ್ಖಾನೆಯವರು ಅವಳಿಗೆ ಫೋನಿನಲ್ಲಿ ತಿಳಿಸಿದ್ದರು. ದಪ್ಪ ಅದೇ ಇರಲಿ ತಾನೇ ಎಂದು ಕೇಳಿದ್ದರು. ಅವಳು ಆಗ ಸನ್ಮಾನಕ್ಕೆ ಸೀರೆಯ ನೆರಿಗೆ ಸರಿಮಾಡಿಕೊಳ್ಳುತ್ತಿದ್ದಳು. ಇರಲಿ, ಎಂದಿದ್ದಳು.

ಮುಖ್ಯ ಎಂಜಿನಿಯರ್ ಶ್ರೀಪಾದರಾವ್ ಮುತಾಲಿಕರು ಅವಳ ಮಾತನ್ನು ನಡುವೆ ತಡೆಯದೆ ಕೇಳಿದರು. ನಂತರ ಇಬ್ಬರೂ ನಿಯಂತ್ರಣ ಕೊಠಡಿಗೆ ಹೋದರು. ಅಲ್ಲಿನ ದೊಡ್ಡ ಪರದೆಯ ಮೇಲೆ ಊರಿನ ಪ್ರತಿ ಹಂಡೆಯೂ ಒಂದೊಂದು ಹಸಿರು ಪಟ್ಟಿಯಾಗಿ ಕಾಣುತ್ತಿತ್ತು. ಒತ್ತಡದ ಮಿತಿಯನ್ನು ಇಪ್ಪತ್ತು ಬಾರ್‌ನಿಂದ ಹನ್ನೆರಡಕ್ಕೆ ಇಳಿಸುವ ಆಜ್ಞೆಯನ್ನು ಮುಕ್ತಾ ತನ್ನ ಕೈಯಿಂದಲೇ ಕೊಟ್ಟಳು. ಪಟ್ಟಿಗಳು ಒಂದೊಂದಾಗಿ ಕುಗ್ಗಿದವು. ಕುರುಬರ ಓಣಿಯ ಸಾಲಿನಲ್ಲಿ ಒಂದು ಜಾಗ ಖಾಲಿ ಇತ್ತು.

"ಇನ್ನ ಯಾವುದೂ ಸೀಳೂದಿಲ್ಲಲಾ?" ಮುತಾಲಿಕರು ಕೇಳಿದರು.

"ಇಷ್ಟರಾಗ ಸೀಳೂದಿಲ್ಲ, ಸರ್."

"ಹಂಗಿದ್ರ ಅಪಾಯ ಹೋತು. ದುರಸ್ತಿ ನಡದದ ಅಂತ ಜನಕ್ಕ ಹೇಳೋಣ. ದಪ್ಪ ಹಂಡೆ ಬರೂತನಕ ಹಿಂಗ ನಡೀಲಿ."

"ಫಕೀರವ್ವ..."

"ನೋಡ್ರಿ ಮುಕ್ತಾ, ಆಕಿ ಮಗಗ ಹೋದ ಕೈ ತಿರುಗಿ ಬರೂದಿಲ್ಲ. ಈ ಮಾತು ಹೊರಗ ಹೋದ್ರ ಇನ್ನೂ ಹತ್ತೂರಾಗ ಯಾರೂ ಹಂಡೆ ಇಡಿಸ್ಕೊಳ್ಳೂದಿಲ್ಲ. ಕತ್ತಲ್ಯಾಗ ಕೂಡ್ತಾರ. ವಿಚಾರ ಮಾಡ್ರಿ."

ಮುಕ್ತಾ ವಿಚಾರ ಮಾಡಲಿಲ್ಲ. ವಿಚಾರ ಮಾಡಲು ಇನ್ನೂ ಸಮಯವಿದೆ ಎಂದುಕೊಂಡಳು. ಯಾರ ಜೀವಕ್ಕೂ ಈಗ ಭಯವಿಲ್ಲ ಎನ್ನುವುದನ್ನು ಹಿಡಿದುಕೊಂಡು ದಿನಗಳನ್ನು ತಳ್ಳಿದಳು. ದಸ್ತಗೀರ ಊಟದ ಹೊತ್ತಿನಲ್ಲಿ ಅವಳ ಎದುರು ಕೂಡುವುದನ್ನು ಬಿಟ್ಟ.

ಬಿಸಿಲು ಏರಿತು. ಹಂಡೆಯಲ್ಲಿ ಮೊದಲಿನಷ್ಟು ಗಾಳಿ ಇಲ್ಲದ್ದರಿಂದ ಮಧ್ಯಾಹ್ನದ ಹೊತ್ತಿಗೆ ಫ್ಯಾನುಗಳು ನಿಲ್ಲತೊಡಗಿದವು. ಗೂಡಿನಲ್ಲಿಟ್ಟ ಹಾಲು ಒಡೆಯಿತು. ಬಾಣಂತಿಯರನ್ನು ಬೇವಿನ ಗಿಡದ ಕೆಳಗೆ ಹೊರಸು ಹಾಕಿ ಮಲಗಿಸಿದರು. ಶಾಲೆಯನ್ನು ಬೆಳಗಿನ ತಂಪಿಗೆ ಬದಲಾಯಿಸಿದರು. ಎಂದೋ ಮರೆತುಹೋಗಿದ್ದ ಐಸ್ ಮಾರುವ ಗಾಡಿ ಮತ್ತೆ ಓಣಿಗಳಲ್ಲಿ ಗಂಟೆ ಬಾರಿಸಿತು. ಜನ ಬೆವರು ಒರೆಸಿಕೊಳ್ಳುತ್ತ ಬೈದರು. ಬೈದದ್ದು ನಿಗಮವನ್ನಲ್ಲ. ಫಕೀರವ್ವ ನಲ್ಲಿ ತಿರುವಿದ್ದರೆ ನಿಗಮದವರು ಹೆದರಿ ಎಲ್ಲರ ಗಾಳಿ ಕಡಿಮೆ ಮಾಡುತ್ತಿದ್ದರೇ, ಎಂದರು.

ಒಂದು ಸಂಜೆ ಮುಕ್ತಾ ಮನೆಗೆ ಬಂದಾಗ ಅವಳ ತಾಯಿ ಬಸಲಿಂಗಮ್ಮ ಪಡಸಾಲೆಯಲ್ಲಿ ಜೋಳದ ಹಿಟ್ಟು ಸಾಣಿಸುತ್ತಿದ್ದಳು. ತಾಯಿ, ಮಗಳು ಇಬ್ಬರೇ ಇರುವ ಮನೆ.

"ಇವತ್ತ ಗಿರಣ್ಯಾಗ ಫಕೀರವ್ವ ಬಂದಿದ್ಲು," ಎಂದಳು ಬಸಲಿಂಗಮ್ಮ. "ಬುಟ್ಟಿ ಸರತಿಗಿಟ್ಟು ನಿಂತಿದ್ಲು. ನಾ ಸರಿಸಿಬಿಟ್ಟೆ."

"ಏನ ಸರಿಸಿದಿ?"

"ಆಕಿ ಬುಟ್ಟಿ. ಕಾಲಿಲೆ ಹಿಂದಕ್ಕ ನೂಕಿದೆ. ಊರ ಮಂದಿ ಬೆಂಕಿಯಾಗ ಬೇಯಾಕ್ಹತ್ಯಾರ, ನಿನಗ ಮೊದಲ ಹಿಟ್ಟು ಬೇಕೇನು ಅಂದೆ. ಒಂದ ಮಾತೂ ಆಡ್ಲಿಲ್ಲ ನೋಡು. ಬುಟ್ಟಿ ಹೊತ್ತು ಹಂಗ ಹೊಳ್ಳಿ ಹೋದ್ಲು."

ಮುಕ್ತಾ ಗೋಡೆಗೆ ಒರಗಿ ನಿಂತಳು. ಎಂದೂ ಯಾರಿಗೂ ಒರಟು ಮಾತಾಡದ ಹೆಂಗಸು ತನ್ನ ತಾಯಿ. ಭಿಕ್ಷುಕರನ್ನೂ ಅಣ್ಣಾ, ತಮ್ಮಾ ಎಂದು ಕರೆಯುವವಳು.

"ಯಾಕವಾ ಹಂಗ ಮಾಡಿದಿ?"

"ಯಾಕಂದ್ರ? ನೀನ ಹೇಳಿದೆಲ್ಲ ಟಿ.ವಿ.ಯೊಳಗ, ಆಕಿ ತಪ್ಪು ಅಂತ." ಬಸಲಿಂಗಮ್ಮ ಸಾಣಿಗೆಯನ್ನು ನಿಲ್ಲಿಸಿ ಮಗಳ ಮುಖ ನೋಡಿದಳು. "ಯಾಕ, ಅಲ್ಲೇನು?"

ಮುಕ್ತಾ ಮತ್ತೆ ಚಪ್ಪಲಿ ಮೆಟ್ಟಿದಳು.

ಫಕೀರವ್ವನ ಬಾಗಿಲು ತೆರೆದೇ ಇತ್ತು. ಒಳಗೆ ಅವಳೊಬ್ಬಳೇ. ಮಗ ಆಸ್ಪತ್ರೆಯಿಂದ ಬಂದ ಮೇಲೆ ಸೊಸೆ ದಾಕ್ಷಾಯಣಿ ಅವನನ್ನು ತನ್ನ ತವರಿಗೆ ಕರೆದುಕೊಂಡು ಹೋಗಿದ್ದಳು. ಮುಕ್ತಾಳನ್ನು ಕಂಡೊಡನೆ ಮುದುಕಿ ಎದ್ದು ನಿಂತು ಸೆರಗು ಹೊದ್ದಳು.

"ನಾ ಏನೂ ಮುಟ್ಟಿಲ್ರಿ ಅಕ್ಕಾರ. ಹಿತ್ತಲ ಕಡೆ ಹೋಗೂದ ಬಿಟ್ಟೀನಿ."

"ಕೂಡ್ರಿ ಅಮ್ಮಾರ. ನಾ ಬಂದಿದ್ದು ಅದಕ್ಕಲ್ಲ."

ಫಕೀರವ್ವ ಕೂಡಲಿಲ್ಲ. ಒಲೆಯ ಹತ್ತಿರ ಹೋಗಿ ಬೆಂಕಿ ಆರಿದೆಯೇ ಎಂದು ನೋಡಿ ಬಂದಳು. ಎರಡು ಮಾತಾಡುವಷ್ಟರಲ್ಲಿ ಮತ್ತೆ ಹೋಗಿ ನೋಡಿದಳು. "ಈಗೀಗ ಮರವು ಭಾಳ ಆಗೇತ್ರಿ," ಎಂದಳು, ನಾಚಿಕೊಂಡು. "ಆರಿಸಿದ್ರೂ ಆರಿಸಿಲ್ಲ ಅನಸ್ತೈತಿ."

ಮುಕ್ತಾ ನೆಲದ ಮೇಲೆ ಕುಳಿತಳು. "ನಿಮ್ಮ ತಪ್ಪು ಏನೂ ಇಲ್ರಿ," ಎಂದಳು. "ಹಂಡೆ ಒಳಗ ತುಕ್ಕು ಇರಲಿಲ್ಲ. ನೀವು ದಿನಾ ನೀರು ಬಿಟ್ಟೀರಿ. ಗ್ವಾಡಿ ತೆಳ್ಳಗಿತ್ತು. ಅದನ್ನ ಲೆಕ್ಕ ಹಾಕಿದಾಕಿ ನಾನು. ಬೆಸುಗಿ ಲೆಕ್ಕಕ್ಕ ಹಿಡೀಲಿಲ್ಲ. ತಪ್ಪು ನಂದು."

ಮುದುಕಿ ಈಗ ಅವಳೆದುರು ಕುಳಿತಳು.

"ಅಂದ್ರ, ನಾ ತಿರುವಿದ್ದೆ?"

"ತಿರುವಿದ್ರಿ."

"ನನಗ ನೆನಪಿತ್ರಿ ಅಕ್ಕಾರ. ಅವತ್ತು ತಿರುವಿ, ಕೈ ಸೀರಿಗೆ ಒರಸ್ಕೊಂಡಿದ್ದು ನೆನಪಿತ್ತು. ಆದ್ರ ನೀವು ಓದಿದವರು, ಇಲ್ಲ ಅಂದ್ರಿ. ಮಗಾ ಇಲ್ಲ ಅಂದ. ಊರೆಲ್ಲಾ ಇಲ್ಲ ಅಂತು. ಕಡೀಕ ನಾನೂ ಇಲ್ಲ ಅಂದ್ಕೊಂಡೆ." ಅವಳು ತನ್ನ ಎರಡೂ ಅಂಗೈಗಳನ್ನು ನೋಡಿಕೊಂಡಳು. "ಈ ಕೈಲೆ ಮಗನ ಕೈ ತಗದೆ ಅಂತ ಉಣ್ಣಾಕೂ ಮನಸಾಗ್ತಿದ್ದಿಲ್ಲ."

"ಯಾವಾಗ ಗೊತ್ತಾತ್ರಿ ನಿಮಗ?" ಫಕೀರವ್ವನೇ ಮುಂದೆ ಕೇಳಿದಳು.

ಮುಕ್ತಾ ಭಯಪಟ್ಟಿದ್ದ ಪ್ರಶ್ನೆ ಇದೊಂದೇ. "ಹಂಡೆ ಒಯ್ದ ವಾರದಾಗ."

ಫಕೀರವ್ವ ಬೈಯಲಿಲ್ಲ. ಗೋಡೆಯ ಕಡೆಗೆ ಮುಖ ತಿರುಗಿಸಿದಳು. "ನನಗ ಹೇಳಿ ಏನ್ಮಾಡ್ತೀರಿ," ಎಂದಳು. "ನನ್ನ ಮಗಗ ಹೇಳ್ರಿ."

ದಾಕ್ಷಾಯಣಿಯ ತವರು ಹತ್ತಿರದ ಹಳ್ಳಿಯೇ. ಮರುದಿನ ಮುಕ್ತಾ ಅಲ್ಲಿಗೆ ಹೋದಾಗ ಹನುಮೇಶ ಕಟ್ಟೆಯ ಮೇಲೆ ಕುಳಿತು ಎಡಗೈಯಲ್ಲಿ ಬಟ್ಟೆ ಕತ್ತರಿಸುವುದನ್ನು ಕಲಿಯುತ್ತಿದ್ದ. ಗೆರೆ ವಾಲುತ್ತಿತ್ತು. ಮುಕ್ತಾ ನಿಂತುಕೊಂಡೇ ಎಲ್ಲವನ್ನೂ ಹೇಳಿದಳು. ದಾಕ್ಷಾಯಣಿ ಬಾಗಿಲಲ್ಲಿ ನಿಂತು ಕೇಳಿದಳು. ಅವನು ಕೂಗಾಡುತ್ತಾನೆ, ಕತ್ತರಿ ಎಸೆಯುತ್ತಾನೆ ಎಂದು ಮುಕ್ತಾ ಎಣಿಸಿದ್ದಳು. ಹಾಗೇನಾದರೂ ಆಗಲಿ ಎಂದು ಬಯಸಿದ್ದಳು ಕೂಡ.

ಹನುಮೇಶ ಕತ್ತರಿಯನ್ನು ಬಟ್ಟೆಯ ಮೇಲೆ ಮೆಲ್ಲಗೆ ಇಟ್ಟ. "ನಾ ನಮ್ಮವ್ವಗ ಏನಂದೀನಿ ಗೊತ್ತೇನ್ರಿ ಮೇಡಂ?"

ಮುಕ್ತಾ ಇಲ್ಲವೆಂದು ತಲೆಯಾಡಿಸಿದಳು.

"ದವಾಖಾನ್ಯಾಗ ನೋಡಾಕ ಬಂದಿದ್ಲು. ನೀ ನನ್ನ ಹಡೀದ ಇದ್ರ ಚೊಲೊ ಇತ್ತು ಅಂದೆ." ಅವನ ದನಿ ಬಿದ್ದುಹೋಯಿತು. "ತಂದ ಬುತ್ತಿ ಹಂಗ ತಿರುಗಿ ಒಯ್ದ್ಲು."

ದಾಕ್ಷಾಯಣಿ ಒಳಗೆ ಹೋಗಿ ಗಂಡನ ಅಂಗಿ ತಂದು, ಖಾಲಿ ತೋಳನ್ನು ಮಡಿಸಿ ಪಿನ್ನು ಹಾಕಿ ತೊಡಿಸಿದಳು. "ನಿಮ್ಮ ಗಾಡ್ಯಾಗ ಕರಕೊಂಡು ಹೋಗ್ರಿ ನಮ್ಮನ್ನ," ಎಂದಳು.

ಬೀಸನಾಳದಲ್ಲಿ ಫಕೀರವ್ವನ ಮನೆಯ ಮುಂದೆ ಗಂಡಹೆಂಡಿರು ಇಳಿದು ಒಳಗೆ ಹೋದರು. ಮುಕ್ತಾ ಗಾಡಿಯಲ್ಲೇ ಕುಳಿತಳು. ಸ್ವಲ್ಪ ಹೊತ್ತಿಗೆ ದಾಕ್ಷಾಯಣಿ ಹೊರಗೆ ಬಂದಳು. ಅವಳ ಕಣ್ಣುಗಳು ಒದ್ದೆಯಾಗಿದ್ದವು. ಮಾತು ಮಾತ್ರ ಒಣಗಿತ್ತು.

"ನೀವಿನ್ನ ಹೋಗ್ರಿ ಮೇಡಂ. ನಮ್ಮ ಮನಿಗಷ್ಟ ಹೇಳಿದ್ರ ಆಗಲಿಲ್ಲ. ಅವತ್ತ ಎಲ್ಲಾರ ಮನಿಯಾಗ ಕೇಳೂಹಂಗ ಹೇಳಿದ್ರಿ. ಇವತ್ತೂ ಹಂಗ ಹೇಳ್ರಿ."

ಮುಕ್ತಾ ಅಲ್ಲಿಂದ ನೇರವಾಗಿ ನಿಯಂತ್ರಣ ಕೊಠಡಿಗೆ ಹೋದಳು. ಅಲ್ಲಿಂದ ಎಲ್ಲ ಮನೆಗಳಿಗೂ ಸೂಚನೆ ಕೊಡುವ ಸೌಕರ್ಯವಿತ್ತು. ಮುತಾಲಿಕರಿಗೆ ಮೊದಲೇ ಹೇಳಿದಳು. ಅವರು ಕುರ್ಚಿಯಿಂದ ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತರು. ತಡೆಯಲಿಲ್ಲ, ಹೂಂ ಅನ್ನಲೂ ಇಲ್ಲ. ಮುಕ್ತಾ ಹೆಚ್ಚು ಮಾತಾಡಲಿಲ್ಲ. ಹಂಡೆಯ ದಪ್ಪ ಸಾಲದು, ಲೆಕ್ಕ ತಪ್ಪಿದವಳು ತಾನು, ಒತ್ತಡ ಇಳಿಸಿದ್ದು ಅದಕ್ಕೇ, ಫಕೀರವ್ವ ದಿನವೂ ನೀರು ಬಿಟ್ಟಿದ್ದಳು, ಇದು ತಿಳಿದ ಮೇಲೂ ತಾನು ಸುಮ್ಮನಿದ್ದೆ ಎಂದಳು. ಕೊನೆಯ ಮಾತು ಹೇಳುವಾಗ ಪರದೆಯಲ್ಲಿ ತನ್ನದೇ ಮುಖ ಕಂಡಿತು. ಅವಳು ನೆಲ ನೋಡಿದಳು.

ಮನೆಗೆ ಬಂದರೆ ಬಸಲಿಂಗಮ್ಮ ಇರಲಿಲ್ಲ. ಬಹಳ ಹೊತ್ತಾದ ಮೇಲೆ ಬಂದಳು. ಫಕೀರವ್ವನ ಮನೆಗೆ ಹೋಗಿದ್ದೆ ಎಂದಷ್ಟೇ ಹೇಳಿದಳು. ಅಲ್ಲಿ ಏನಾಯಿತೆಂದು ಮುಕ್ತಾ ಕೇಳಲಿಲ್ಲ. ತಾಯಿ ಅಂದು ರೊಟ್ಟಿ ಬಡಿದು ಮಗಳ ಮುಂದಿಟ್ಟಳು, ತಾನು ಉಣ್ಣಲಿಲ್ಲ.

ವಿಚಾರಣೆ ನಡೆಯಿತು. ಮುಕ್ತಾಳನ್ನು ವಿನ್ಯಾಸ ವಿಭಾಗದಿಂದ ತೆಗೆದರು. ಮುತಾಲಿಕರು ಹೆದರಿದ್ದಂತೆ ಕೆಲವು ಊರುಗಳು ಹಂಡೆ ಬೇಡವೆಂದವು. ಕೆಲವು, ನಿಜ ಹೇಳಿದ್ದಾರೆ, ದಪ್ಪದ್ದು ಕೊಡಲಿ, ಎಂದವು. ಹನುಮೇಶನ ಜೀವನಕ್ಕೆ ನಿಗಮ ಹೊಣೆ ಹೊತ್ತಿತು. ಮುಕ್ತಾ ತಾನಾಗಿ ಕೇಳಿ ತಪಾಸಣೆಯ ಕೆಲಸಕ್ಕೆ ಹೋದಳು. ಸದ್ದಿನ ಅಲೆಗಳಿಂದ ಗೋಡೆಯ ದಪ್ಪ ಅಳೆಯುವ ಉಪಕರಣ ಹಿಡಿದು ಮನೆಮನೆಯ ಹಿತ್ತಲಿಗೆ ಹೋಗುವುದು ಈಗ ಅವಳ ಕೆಲಸ. ಕೆಲವರು ನೀರು ಕೊಟ್ಟು ಕೂಡಿಸುತ್ತಿದ್ದರು. ಕೆಲವರು ಅವಳನ್ನು ಕಂಡು ಬಾಗಿಲು ಮುಚ್ಚಿಕೊಳ್ಳುತ್ತಿದ್ದರು. ಅವಳು ಹೊರಗೆ ಕಾಯುತ್ತಿದ್ದಳು.

ಹೊಸ ಹಂಡೆಗಳು ಬಂದದ್ದು ಮಳೆಗಾಲ ಕಳೆದ ಮೇಲೆ. ಕುರುಬರ ಓಣಿಯಲ್ಲಿ ಕ್ರೇನು ಬಂದು ನಿಂತಿತು. ಫಕೀರವ್ವನ ಹಿತ್ತಲಿನ ಗುಂಡಿಯ ಮೇಲೆ ಹಂಡೆ ಸರಪಳಿಯಲ್ಲಿ ತೂಗುತ್ತಿತ್ತು. ಅಳತೆ ನೋಡಲು ಮುಕ್ತಾ ಬಂದಿದ್ದಳು. ಹನುಮೇಶ, ದಾಕ್ಷಾಯಣಿ ಬಾಗಿಲಲ್ಲಿ ನಿಂತಿದ್ದರು. ಫಕೀರವ್ವ ಗುಂಡಿಯ ಅಂಚಿಗೆ ಬಂದು ಕೈ ಅಡ್ಡ ಹಿಡಿದಳು.

"ಇದರ ಲೆಕ್ಕ ಯಾರು ಮಾಡ್ಯಾರ?"

"ಬ್ಯಾರೇದವರ್ರಿ," ಎಂದಳು ಮುಕ್ತಾ. "ಇಬ್ಬರು ಬ್ಯಾರೆ ಬ್ಯಾರೆ ಕೂತು ಮಾಡ್ಯಾರ."

"ನೀವು ನೋಡೀರೇನು?"

"ನೋಡೀನಿ."

"ಇನ್ನೊಮ್ಮೆ ಮಾಡ್ರಿ. ನನಗ ಕೇಳೂಹಂಗ ಮಾಡ್ರಿ."

ಕೆಲಸದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮುಕ್ತಾ ಗುಂಡಿಯ ಅಂಚಿನ ಕಲ್ಲಿನ ಮೇಲೆ ಕುಳಿತಳು. "ಒಳಗಿನ ಒತ್ತಡ ಇಪ್ಪತ್ತು ಬಾರ್, ಅಂದ್ರ ಒಂದು ಚದರ ಮಿಲಿಮೀಟರಿಗೆ ಎರಡು ನ್ಯೂಟನ್ ಅಂತ ಹಿಡೀರಿ," ಎಂದು ಶುರುಮಾಡಿದಳು. "ಹಂಡೆ ಅಗಲ ಸಾವಿರ ಮಿಲಿಮೀಟರ್. ಗುಣಿಸಿದ್ರ ಎರಡು ಸಾವಿರ. ಅದೇ ಅಳತ್ಯಾಗ ಉಕ್ಕು ತಾಳೂದು ನೂರಾ ಇಪ್ಪತ್ತೈದು. ಎರಡೂ ಬದಿ ಗ್ವಾಡಿ ಹಿಡಿದಿರ್ತೈತಿ, ಅದಕ್ಕ ಅದರ ಎರಡರಷ್ಟು, ಇನ್ನೂರೈವತ್ತು. ಎರಡು ಸಾವಿರಕ್ಕ ಇನ್ನೂರೈವತ್ತರಿಂದ ಭಾಗಿಸಿದ್ರ ಎಂಟು."

"ಇದಕ್ಕ ತುಕ್ಕಿಗಂತ ಒಂದು ಕೂಡಿಸಿ ನಾ ಇಲ್ಲಿಗೆ ನಿಲ್ಲಿಸಿದ್ದೆ," ಎಂದಳು.

"ಮುಂದ," ಎಂದಳು ಫಕೀರವ್ವ.

"ಬೆಸುಗಿ ಹತ್ತರಾಗ ಏಳು ಪಾಲಷ್ಟ ಗಟ್ಟಿ. ಅದಕ್ಕ ಎಂಟು ಸಾಲೂದಿಲ್ಲ, ಹನ್ನೊಂದೂವರಿ ಬೇಕು. ತುಕ್ಕಿಗೆ ಒಂದು. ಹನ್ನೆರಡೂವರಿ. ಇದು ಹದಿನಾಲ್ಕು ಐತಿ. ಈಗ ಅಳದೀನಿ."

ಮುದುಕಿ ತೂಗುತ್ತಿದ್ದ ಹಂಡೆಯ ಹತ್ತಿರ ಹೋಗಿ, ಅದರ ಮೈಮೇಲಿನ ಬೆಸುಗೆಯ ಗೆರೆಯನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಕೈಯಿಂದ ಸವರಿದಳು. ಆಮೇಲೆ ಮಗನ ಕಡೆಗೆ ನೋಡಿದಳು. ಹನುಮೇಶ ಹೂಂ ಎನ್ನುವಂತೆ ತಲೆಯಾಡಿಸಿದ.

ಫಕೀರವ್ವ ಹಿಂದಕ್ಕೆ ಸರಿದು ಕ್ರೇನಿನವನಿಗೆ ಹೇಳಿದಳು, "ಇಳಸ್ರಿ."